ಫುಲ್ ಟ್ಯಾಂಕ್ ಮಾಡಿಸಿದಾಗ ಬರುವ ಪೆಟ್ರೋಲ್ ವಾಸನೆ

ಕಾರವಾರದ ಗ್ರಾಹಕರೊಬ್ಬರು ಟ್ಯಾಂಕ್ ಪೂರ್ತಿ ತುಂಬಿಸಿಕೊಂಡು ಕುಮಟಾ ಮಾರ್ಗವಾಗಿ ಶಿರಸಿಗೆ ಹೊರಟರೆ, ದೇವಿಮನೆ ಘಟ್ಟ ಹತ್ತುವಾಗ ಅವರ ಹಳೆಯ ಮಾರುತಿ ಝೆನ್ ಕಾರಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಪೆಟ್ರೋಲ್ ವಾಸನೆಯಿಂದ ತಲೆ ಸುತ್ತುತ್ತಿತ್ತು. ಬಂಕಿನಲ್ಲಿ ನಾಜಲ್ ಒಂದೆರಡು ಲೀಟರಿಗೊಮ್ಮೆ ‘ಟಕ್’ ಎಂದು ನಿಲ್ಲುತ್ತಿದ್ದುದನ್ನು ಅವರು ಬೇರೆಯೇ ದೋಷವೆಂದು ತಿಳಿದಿದ್ದರು. ಹಳೆಯ ಕಾರುಗಳಲ್ಲಿ ಈ ಎರಡೂ ದೂರುಗಳು ಜೊತೆಯಾಗಿ ಬಂದರೆ ನಾನು ಮೊದಲು ನೋಡುವುದು ಹಿಂದಿನ ಚಕ್ರದ ಮೇಲಿನ ಗೂಡನ್ನು, ಅಂದರೆ ಟ್ಯಾಂಕಿಗೆ ಪೆಟ್ರೋಲ್ ಇಳಿಯುವ ಫಿಲ್ಲರ್ ಪೈಪು ಮತ್ತು ಅದರ ಪಕ್ಕದ ಬ್ರೀದರ್ ಪೈಪು ಹಾದುಹೋಗುವ ಜಾಗವನ್ನು.

ಟ್ಯಾಂಕಿನೊಳಗೆ ಪೆಟ್ರೋಲ್ ಇಳಿದಷ್ಟೂ ಅಲ್ಲಿನ ಗಾಳಿ ಬ್ರೀದರ್ ಪೈಪಿನ ಮೂಲಕ ಹೊರಬರಬೇಕು. ಆ ಪೈಪು ಮಡಚಿಕೊಂಡಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಪೆಟ್ರೋಲ್ ಕತ್ತಿನವರೆಗೆ ಉಕ್ಕಿ ನಾಜಲ್ ತುದಿಯ ಸಣ್ಣ ರಂಧ್ರವನ್ನು ಮುಚ್ಚುತ್ತದೆ, ಒಡನೆ ನಾಜಲ್ ತಾನಾಗಿ ನಿಲ್ಲುತ್ತದೆ. ಬಂಕಿನ ಹುಡುಗನನ್ನು ಗದರಿಸುವುದು ಅನ್ಯಾಯ. ಮಳೆಗಾಲವಿಡೀ ನಿಂತಿದ್ದ ಓಮ್ನಿಯೊಂದರ ಪೈಪಿನೊಳಗೆ ಕಣಜದ ಮಣ್ಣಿನ ಗೂಡು ಸಿಕ್ಕಿದ್ದೂ ಉಂಟು.

ಝೆನ್ ಕಾರಿನಲ್ಲಿ ಬ್ರೀದರ್ ಪೈಪಿನ ರಬ್ಬರ್ ಕುಸಿದು ಒಳಗಿನ ದಾರಿ ಮುಚ್ಚಿತ್ತು. ಜೊತೆಗೆ, ಕಡಲ ಉಪ್ಪುಗಾಳಿಯೂ ಚಕ್ರ ಎರಚಿದ ಕೆಂಪು ಕೆಸರೂ ಸೇರಿ ಫಿಲ್ಲರ್ ಪೈಪಿನ ಕ್ಲಿಪ್ಪಿನ ಅಡಿಯನ್ನು ಸೂಜಿಮೊನೆಯಷ್ಟು ತೂತು ಬೀಳುವವರೆಗೆ ತಿಂದಿದ್ದವು. ಟ್ಯಾಂಕ್ ತುಂಬಿದ್ದು ರಸ್ತೆಯೂ ಏರಾಗಿದ್ದಾಗ ಮಾತ್ರ ಪೆಟ್ರೋಲ್ ಆ ಎತ್ತರಕ್ಕೆ ಮುಟ್ಟುತ್ತಿತ್ತು. ಆದ್ದರಿಂದ ವಾಸನೆ ಯಾವಾಗ ಬರುತ್ತದೆ ಎಂಬುದನ್ನು ಮೆಕ್ಯಾನಿಕ್‌ಗೆ ಸರಿಯಾಗಿ ಹೇಳಿ: ಟ್ಯಾಂಕ್ ಅರ್ಧವಿದ್ದಾಗಲೂ ಬಂದರೆ ಪಂಪಿನ ಗ್ಯಾಸ್ಕೆಟ್ ಮತ್ತು ಅಡಿಯ ಪೈಪುಗಳನ್ನು, ಎಂಜಿನ್ ಆರಿಸಿದ ಮೇಲೆ ಮುಂಭಾಗದಲ್ಲಿ ಬಂದರೆ ಕಾರ್ಬ್ಯುರೇಟರ್ ಅಥವಾ ಇಂಜೆಕ್ಟರಿನ ಸೀಲುಗಳನ್ನು ನೋಡಬೇಕಾಗುತ್ತದೆ.

ನಾಜಲ್ ನಿಂತ ಮೇಲೆ ಲೆಕ್ಕ ಸರಿಮಾಡಲು ಮತ್ತೆ ಮತ್ತೆ ಹಾಕಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಪೆಟ್ರೋಲ್ ಆವಿಯನ್ನು ಹೀರಿಕೊಳ್ಳಲು ಇದ್ದಿಲು ತುಂಬಿಟ್ಟಿರುವ ಕ್ಯಾನಿಸ್ಟರಿಗೆ ದ್ರವ ಪೆಟ್ರೋಲ್ ನುಗ್ಗಿದರೆ ಅದು ಕೆಡುತ್ತದೆ, ಆಮೇಲೆ ಹೊಸ ಪೈಪು ಹಾಕಿದರೂ ವಾಸನೆ ಹೋಗುವುದಿಲ್ಲ.

ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪುಗಳನ್ನು ಅದಕ್ಕಾಗಿ ಮಾಡಿದ್ದಲ್ಲ, ಹಾಗಾಗಿ ಬದಲಿಸುವಾಗ ಎಥನಾಲ್ ತಡೆಯುವ ಫ್ಯೂಯಲ್ ಹೋಸನ್ನೇ ಕೇಳಿ ಪಡೆಯಿರಿ. ತೋಟದ ನೀರಿನ ಪೈಪು ತುಂಡರಿಸಿ ಸಿಕ್ಕಿಸಿದ್ದನ್ನು ಕಂಡಾಗಲೆಲ್ಲ ನನಗೆ ಭಯವಾಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ನೆಲಮಟ್ಟದಲ್ಲೇ ಕೂಡಿಕೊಳ್ಳುತ್ತದೆ. ಕಾರಿನಡಿ ಹನಿ ಕಂಡರೆ ಸ್ಟಾರ್ಟ್ ಮಾಡಬೇಡಿ, ಶೆಡ್ಡಿನ ಸ್ವಿಚ್ಚನ್ನೂ ಮುಟ್ಟಬೇಡಿ. ಕಾರನ್ನು ನ್ಯೂಟ್ರಲ್‌ಗೆ ಹಾಕಿ ಬಯಲಿಗೆ ತಳ್ಳಿ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.