ಊರು ಸಮುದ್ರಕ್ಕೆ, ಸಂಸದರು ಲಂಡನ್ನಿಗೆ

1831ರಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಡನಿಚ್ ಊರಿನಲ್ಲಿ ಇದ್ದದ್ದು 44 ಮನೆ, 232 ಜನ. ಅಷ್ಟು ಪುಟ್ಟ ಊರು ಬ್ರಿಟನ್ನಿನ ಸಂಸತ್ತಿಗೆ ಇಬ್ಬರನ್ನು ಕಳಿಸುತ್ತಿತ್ತು. ಅದೇ ಹೊತ್ತಿಗೆ ಮ್ಯಾಂಚೆಸ್ಟರಿನಲ್ಲಿ ಲಕ್ಷಕ್ಕೂ ಜಾಸ್ತಿ ಜನ, ಆದರೆ ಆ ನಗರಕ್ಕೆ ಅಂತ ಒಬ್ಬ ಸಂಸದನೂ ಇಲ್ಲ. ಡನಿಚ್‌ಗೆ ಆ ಎರಡು ಸ್ಥಾನ ಸಿಕ್ಕಾಗ ಅದು ದೊಡ್ಡ ಬಂದರು. ಆಮೇಲೆ ಆ ಬಂದರುಪಟ್ಟಣದ ಬಹುಪಾಲು ಉತ್ತರ ಸಮುದ್ರದ ಪಾಲಾಯಿತು. ಸ್ಥಾನಗಳು ಮಾತ್ರ ಅಲ್ಲಾಡಲಿಲ್ಲ.

ಸಫೋಕ್ ಜಿಲ್ಲೆಯ ಈ ಭಾಗದ ದಂಡೆಯಲ್ಲಿ ಗಟ್ಟಿ ಬಂಡೆ ಇಲ್ಲ. ಇರುವುದು ಮರಳು ಮತ್ತು ಜಲ್ಲಿ, ಅದೂ ಸಡಿಲ. ಅಲೆ ಬಂದು ಹೊಡೆಯುವುದು ದಿಬ್ಬದ ಬುಡಕ್ಕೆ. ಬುಡ ಕೊರೆದುಹೋದ ಮೇಲೆ ಮೇಲಿನ ಭಾಗಕ್ಕೆ ಆಸರೆ ಇರುವುದಿಲ್ಲ, ಒಂದು ದಿನ ಧೊಪ್ಪನೆ ಕುಸಿಯುತ್ತದೆ. ಕುಸಿದ ರಾಶಿ ಸ್ವಲ್ಪ ಕಾಲ ಬುಡಕ್ಕೆ ಕಾವಲಾಗಿ ನಿಲ್ಲುತ್ತದೆ. ಅಲೆಗಳು ಆ ರಾಶಿಯನ್ನೂ ಹೊತ್ತುಕೊಂಡು ಹೋದ ಮೇಲೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ವರ್ಷಗಟ್ಟಲೆ ಏನೂ ಆಗದೆ ಇದ್ದು, ಒಂದೇ ರಾತ್ರಿಯ ಬಿರುಗಾಳಿಗೆ ಒಂದು ಬೀದಿಯೇ ಹೋಗಬಹುದು.

ಇಲ್ಲಿನ ಬಿರುಗಾಳಿಯೂ ಸಾಮಾನ್ಯದ್ದಲ್ಲ. ವಾಯುವಿನ ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಅದರ ಮೇಲೆ ಉತ್ತರದ ಗಾಳಿ ನೀರನ್ನು ದಕ್ಷಿಣಕ್ಕೆ ತಳ್ಳುತ್ತದೆ. ಉತ್ತರ ಸಮುದ್ರವೋ, ಎಣ್ಣೆ ಸುರಿಯುವ ಆಲಿಕೆಯ ಹಾಗೆ ಕೆಳಕ್ಕೆ ಬಂದಂತೆ ಕಿರಿದಾಗುತ್ತದೆ, ಆಳವೂ ಕಡಿಮೆ. ಹೋಗಲು ಜಾಗವಿಲ್ಲದೆ ನೀರು ದಂಡೆಯ ಮೇಲೇರುತ್ತದೆ.

1086ರಲ್ಲಿ ಇಂಗ್ಲೆಂಡಿನ ದೊರೆ ಮಾಡಿಸಿದ ಭೂಮಿ ಲೆಕ್ಕದಲ್ಲೇ ಇದರ ಗುರುತಿದೆ. ಮೊದಲು ಇಲ್ಲಿ ಎರಡು ನೇಗಿಲಿನ ನೆಲ ಇತ್ತು, ಈಗ ಒಂದೇ, ಇನ್ನೊಂದನ್ನು ಸಮುದ್ರ ಒಯ್ದಿದೆ ಎಂದು ಅದರಲ್ಲಿ ಬರೆದಿದ್ದಾರೆ. ಆಗ ಊರಿನಲ್ಲಿ ಸುಮಾರು 3000 ಜನ ಇದ್ದಿರಬಹುದು ಅನ್ನುವುದು ಇತಿಹಾಸಕಾರರ ಅಂದಾಜು. ಆ ಕಾಲಕ್ಕೆ ಅದು ದೊಡ್ಡ ಊರೇ. 1298ರಿಂದ ಇಬ್ಬರು ಪ್ರತಿನಿಧಿಗಳನ್ನು ಕಳಿಸತೊಡಗಿತು.

ನನ್ನ ಲೆಕ್ಕದಲ್ಲಿ ಡನಿಚ್ ಅನ್ನು ಕೊಂದದ್ದು ಕುಸಿತಕ್ಕಿಂತ ಜಾಸ್ತಿ ಜಲ್ಲಿ. ಅಲೆಗಳು ದಂಡೆಗೆ ಓರೆಯಾಗಿ ಬಡಿದಾಗ ಜಲ್ಲಿ ದಂಡೆಯುದ್ದಕ್ಕೂ ಸರಿಯುತ್ತಾ ಹೋಗುತ್ತದೆ. ಹಾಗೆ ಸರಿದ ಜಲ್ಲಿಯ ದಿಣ್ಣೆ ಬಂದರಿನ ಬಾಯಿಗೆ ಅಡ್ಡ ಬೆಳೆಯುತ್ತಿತ್ತು. 1328ರ ಬಿರುಗಾಳಿ ಬಾಯಿಯನ್ನು ಮುಚ್ಚಿಯೇಬಿಟ್ಟಿತು. ನದಿ ಉತ್ತರಕ್ಕೆ ಹೊಸ ದಾರಿ ಹಿಡಿಯಿತು, ಹಡಗುಗಳೂ ಆ ಕಡೆಗೇ. ವ್ಯಾಪಾರ ಇದ್ದಿದ್ದರೆ ಜನ ಒಳಕ್ಕೆ ಸರಿದು ಮನೆ ಕಟ್ಟಿಕೊಳ್ಳುತ್ತಿದ್ದರು. ದುಡ್ಡೇ ಓಡಾಡದ ಊರಿನಲ್ಲಿ ಯಾರು ಮತ್ತೆ ಕಟ್ಟುತ್ತಾರೆ?

ಹಾಗಾದರೆ ಸಂಸದರು ಹೇಗೆ ಉಳಿದರು? ಆಗ ಸಂಸತ್ತಿನ ಸ್ಥಾನ ತಲೆ ಎಣಿಸಿ ಕೊಡುವುದಾಗಿರಲಿಲ್ಲ. ಅದು ಪಟ್ಟಣದ ಹಕ್ಕು, ಒಮ್ಮೆ ಬಂತು ಅಂದರೆ ಬಂತು. ಜನ ಎಷ್ಟು ಉಳಿದಿದ್ದಾರೆ ಅಂತ ಆಮೇಲೆ ನೋಡುವ ಪದ್ಧತಿಯೇ ಇಲ್ಲ. ಮೇಲಾಗಿ, ಮತದಾರರು ಕಡಿಮೆಯಾದಷ್ಟೂ ಕ್ಷೇತ್ರದ ಬೆಲೆ ಏರುತ್ತಿತ್ತು, ಯಾಕೆಂದರೆ ಅವರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಸುಲಭ. ಗುಟ್ಟಾಗಿ ಮತ ಹಾಕುವ ವ್ಯವಸ್ಥೆ ಬಂದದ್ದೇ 1872ರಲ್ಲಿ. ಅದಕ್ಕೆ ಮೊದಲು ಯಾರು ಯಾರಿಗೆ ಮತ ಕೊಟ್ಟರು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು, ಜಮೀನುದಾರನಿಗೂ. 18ನೇ ಶತಮಾನದ ಮೊದಲರ್ಧದಲ್ಲಿ ಸರ್ ಜಾರ್ಜ್ ಡೌನಿಂಗ್ ಇಲ್ಲಿಂದ ದಶಕಗಟ್ಟಲೆ ಸಂಸದನಾಗಿದ್ದ. ಲಂಡನ್ನಿನ ಡೌನಿಂಗ್ ಸ್ಟ್ರೀಟ್ ಕಟ್ಟಿಸಿದವನ ಮೊಮ್ಮಗ ಈತ. ಆಮೇಲೆ ಬಾರ್ನ್ ಮತ್ತು ವ್ಯಾನೆಕ್ ಮನೆತನಗಳು ತಲಾ ಒಂದು ಸ್ಥಾನ ಅಂತ ಹಂಚಿಕೊಂಡವು. ಕೊನೆಯ ದಿನಗಳಲ್ಲಿ ಮತದಾರರು 32 ಮಂದಿ.

1832ರ ಸುಧಾರಣಾ ಕಾಯ್ದೆ ಇಂಥ 56 ಕ್ಷೇತ್ರಗಳನ್ನು ಒಂದೇ ಏಟಿಗೆ ರದ್ದು ಮಾಡಿತು. ಆ ಪಟ್ಟಿಯಲ್ಲಿ ಡನಿಚ್ ಕೂಡ ಇತ್ತು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್‌ಗೆ ತಲಾ ಇಬ್ಬರು ಸಂಸದರು ಸಿಕ್ಕರು.

ಸಮುದ್ರ ಮಾತ್ರ ಕಾಯ್ದೆ ನೋಡಿ ನಿಲ್ಲಲಿಲ್ಲ. ಆಲ್ ಸೇಂಟ್ಸ್ ಚರ್ಚಿನ ಗೋಪುರ 20ನೇ ಶತಮಾನದ ಆರಂಭದಲ್ಲಿ ಚೂರುಚೂರಾಗಿ ಬಿತ್ತು, ಕೊನೆಯ ಭಾಗ ಹೋದದ್ದು 1919ರಲ್ಲಿ. ಅಲ್ಲಿನ ನೀರು ಎಷ್ಟು ಕೆಸರೆಂದರೆ ಮುಳುಗುಗಾರರಿಗೆ ತಮ್ಮ ಕೈಯೂ ಸರಿಯಾಗಿ ಕಾಣದು. ಅದಕ್ಕೇ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಸಿಯರ್ ಅವರ ತಂಡ ಮುಳುಗಿದ ಊರನ್ನು ಹುಡುಕಲು ಬೆಳಕಿನ ಬದಲು ಶಬ್ದವನ್ನು ಬಳಸಿತು. ಶಬ್ದದ ಅಲೆ ತಳಕ್ಕೆ ಬಡಿದು ವಾಪಸ್ ಬರಲು ಹಿಡಿಯುವ ಸಮಯದಿಂದ ದೂರ ತಿಳಿಯುತ್ತದೆ, ಪ್ರತಿಧ್ವನಿ ಎಷ್ಟು ಜೋರಾಗಿದೆ ಅನ್ನುವುದರಿಂದ ಕಲ್ಲೋ ಮರಳೋ ಅನ್ನುವುದು. ಸಿಕ್ಕ ಚಿತ್ರವನ್ನು 16ನೇ ಶತಮಾನದ ಕೊನೆಯ ಒಂದು ನಕ್ಷೆಯ ಜೊತೆ ಹೋಲಿಸಿ, ಯಾವ ಕಲ್ಲಿನ ರಾಶಿ ಯಾವ ಚರ್ಚಿನದು ಎಂದು ಗುರುತಿಸಿದರು. ಈಗ ದಂಡೆಯ ಸವೆತದ ವೇಗ ಮೊದಲಿಗಿಂತ ಕಡಿಮೆ. ತೀರದಾಚೆ ನೀರಿನಡಿಯ ಉದ್ದನೆಯ ಮರಳದಿಣ್ಣೆ ದೊಡ್ಡ ಅಲೆಗಳನ್ನು ಅಲ್ಲೇ ಮುರಿದು, ಅವುಗಳ ಶಕ್ತಿಯನ್ನು ತಗ್ಗಿಸುತ್ತದೆ ಅನ್ನುವುದು ಅದಕ್ಕೆ ಕೊಡುವ ಒಂದು ಕಾರಣ.