ಮಂಜೂಷದ ಎರಡು ಕೋಲು: ನನ್ನ ಓದಿನ ಟಿಪ್ಪಣಿ

ಯೆಹೂದಿ ಧರ್ಮಗ್ರಂಥ ಓದಲು ಕೂತಾಗ ನನಗಿದ್ದ ಕುತೂಹಲ ಎಲ್ಲರಿಗೂ ಇರುವಂಥದ್ದೇ. ಒಡಂಬಡಿಕೆಯ ಮಂಜೂಷ ಎಲ್ಲಿ ಹೋಯಿತು? ಚಿನ್ನ ಹೊದಿಸಿದ ಪೆಟ್ಟಿಗೆ, ಒಳಗೆ ಮೋಶೆಯ ಕಲ್ಲಿನ ಹಲಗೆಗಳು, ಆಮೇಲೆ ಒಂದು ದಿನದಿಂದ ಸುದ್ದಿಯೇ ಇಲ್ಲ. ಆದರೆ ಮೂರು ವಾರ ನಾನು ಒದ್ದಾಡಿದ್ದು ಪೆಟ್ಟಿಗೆಯ ಹತ್ತಿರ ಅಲ್ಲ, ಅದನ್ನು ಹೊರುವ ಎರಡು ಕೋಲುಗಳ ಹತ್ತಿರ. ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಹೊಸದಾಗಿ ಓದುತ್ತಿರುವವರಿಗೆ ಉಪಯೋಗಕ್ಕೆ ಬಂದರೆ ಬರಲಿ.

ಪೆಟ್ಟಿಗೆ

ಹೆಸರಿನ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ಇಂಗ್ಲಿಷಿನಲ್ಲಿ ನೋಹನದೂ ಆರ್ಕ್, ಇದೂ ಆರ್ಕ್. ನಮ್ಮ ಬೈಬಲಿನಲ್ಲಿ ನೋಹನದು ನಾವೆ, ಇದು ಮಂಜೂಷ. ಹೀಬ್ರೂವಿನಲ್ಲೂ ಹಾಗೇ ಎರಡು ಬೇರೆ ಪದ: ಅದು ತೇವಾ, ಇದು ಅರೋನ್. ಮಗು ಮೋಶೆಯನ್ನು ಮಲಗಿಸಿ ನದಿಯಂಚಿನ ಜೊಂಡಿನಲ್ಲಿ ಇಟ್ಟರಲ್ಲ, ಆ ಬುಟ್ಟಿಯೂ ತೇವಾ.

ಅಳತೆ ಬೈಬಲಿನ ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿದೆ. ಜಾಲೀಮರದ್ದು. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಅಷ್ಟೇ ಎತ್ತರ. ಮೊಳ ಅಂದರೆ ಸುಮಾರು 45 ಸೆಂಟಿಮೀಟರ್ ಅಂತ ಹಿಡಿದರೆ ಉದ್ದ 112, ಅಗಲ ಎತ್ತರ 67. ನಮ್ಮಜ್ಜಿಯ ಟ್ರಂಕಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಒಳಗೂ ಹೊರಗೂ ಚಿನ್ನ. ಮೇಲೆ ಕೃಪಾಸನ ಎನ್ನುವ ಚಿನ್ನದ ಮುಚ್ಚಳ, ಅದರ ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳು, ಅಂದರೆ ದೇವದೂತರಂಥ ರೂಪಗಳು. ನಾಲ್ಕು ಬಳೆ, ಬಳೆಗಳೊಳಗೆ ತೂರಿಸಿದ ಎರಡು ಕೋಲು. ಒಳಗೆ ಹತ್ತು ಆಜ್ಞೆಗಳ ಹಲಗೆ. ಹೀಬ್ರೂವಿನಲ್ಲಿ ಅವನ್ನು ಆಜ್ಞೆ ಅನ್ನುವುದಿಲ್ಲ, ‘ಹತ್ತು ಮಾತು’ ಅನ್ನುತ್ತಾರೆ. ಈ ‘ಮಾತು’ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಈಗ 15ನೇ ವಚನ: ಕೋಲುಗಳು ಬಳೆಗಳಲ್ಲೇ ಇರಬೇಕು, ತೆಗೆಯಕೂಡದು. ನಾನು ಇದನ್ನು ಮೊದಲ ಸಲ ಓದಿದಾಗ ಸುಮ್ನೆ ದಾಟಿಕೊಂಡು ಹೋಗಿದ್ದೆ. ನೈವೇದ್ಯದ ರೊಟ್ಟಿ ಇಡುವ ಮೇಜಿಗೂ ಕೋಲು ಇವೆ, ಯಜ್ಞವೇದಿಗೂ ಇವೆ. ಆದರೆ ತೆಗೆಯಬೇಡಿ ಎಂಬ ಮಾತು ಮಂಜೂಷಕ್ಕೆ ಮಾತ್ರ. ಯಾಕೆ?

ಉಜ್ಜ ಮಾಡಿದ ತಪ್ಪೇನು

ಇದಕ್ಕೆ ಉತ್ತರದ ಒಂದು ತುದಿ ಸಿಕ್ಕಿದ್ದು ಉಜ್ಜನ ಕಥೆಯಲ್ಲಿ. ಅರಸ ದಾವೀದ ಮಂಜೂಷವನ್ನು ಯೆರೂಸಲೇಮಿಗೆ ತರುತ್ತಿದ್ದಾನೆ. ಹೊಸ ಬಂಡಿ, ಎತ್ತು, ಹಾಡು, ಕುಣಿತ. ನಾಕೋನನ ಕಣದ ಹತ್ತಿರ ಎತ್ತುಗಳು ಎಡವುತ್ತವೆ. ಪೆಟ್ಟಿಗೆ ಬೀಳಬಾರದು ಅಂತ ಉಜ್ಜ ಕೈಯೊಡ್ಡಿ ಹಿಡಿಯುತ್ತಾನೆ. ಅಲ್ಲೇ ಸಾಯುತ್ತಾನೆ. ದಾವೀದನಿಗೇ ಇದು ಬೇಸರ ತರಿಸುತ್ತದೆ. ಮಂಜೂಷವನ್ನು ಊರಿಗೆ ತರುವುದು ಬೇಡ ಎಂದು ಮೂರು ತಿಂಗಳು ಓಬೇದೆದೋಮನ ಮನೆಯಲ್ಲಿ ಇಡಿಸುತ್ತಾನೆ.

ಬೀಳದಂತೆ ಹಿಡಿದವನಿಗೆ ಸಾವು ಯಾಕೆ ಅಂತ ನಾನೂ ಸಿಟ್ಟಾದೆ. ಆಮೇಲೆ ಅರಣ್ಯಕಾಂಡಕ್ಕೆ ಹೋದೆ. 7ನೇ ಅಧ್ಯಾಯದಲ್ಲಿ ಮೋಶೆ 6 ಬಂಡಿ, 12 ಎತ್ತುಗಳನ್ನು ಲೇವಿಯರಿಗೆ, ಅಂದರೆ ದೇವರ ಸೇವೆಗೆ ಮೀಸಲಾದ ಕುಲದವರಿಗೆ, ಹಂಚುತ್ತಾನೆ. ಅವರಲ್ಲಿ ಮೂರು ಮನೆತನ. ಗೇರ್ಷೋನ್ಯರಿಗೆ 2 ಬಂಡಿ, ಮೆರಾರೀಯರಿಗೆ 4. ಕೆಹಾತ್ಯರಿಗೆ ಒಂದೂ ಇಲ್ಲ. ಯಾಕೆಂದರೆ ಅವರ ಪಾಲಿನದ್ದು ಅತಿ ಪವಿತ್ರ ವಸ್ತುಗಳು, ಅವನ್ನು ಹೆಗಲ ಮೇಲೇ ಹೊರಬೇಕು. ಮುಟ್ಟಿದರೆ ಸಾಯುತ್ತಾರೆ ಎಂಬ ಎಚ್ಚರಿಕೆ 4ನೇ ಅಧ್ಯಾಯದಲ್ಲೇ ಇದೆ. ಅಂದರೆ ತಪ್ಪು ಆಗಿದ್ದು ಎತ್ತು ಎಡವಿದಾಗ ಅಲ್ಲ, ಬಂಡಿ ಕಟ್ಟಿದಾಗ. ಕೋಲು ಹಿಡಿದು ಹೊತ್ತಿದ್ದರೆ ಪೆಟ್ಟಿಗೆಗೆ ಕೈ ತಗಲುವ ಪ್ರಸಂಗವೇ ಬರುತ್ತಿರಲಿಲ್ಲ. ನಾನೇನೋ ಇದನ್ನು ಕಂಡುಹಿಡಿದೆ ಅಂತ ಬೀಗುತ್ತಿದ್ದೆ. ಒಂದನೇ ಪೂರ್ವಕಾಲವೃತ್ತಾಂತದ 15ನೇ ಅಧ್ಯಾಯದಲ್ಲಿ ದಾವೀದ ತಾನೇ ಇದನ್ನು ಹೇಳಿಬಿಟ್ಟಿದ್ದಾನೆ! ಹೋದ ಸಲ ನೀವು ಹೊರಲಿಲ್ಲ, ಅದಕ್ಕೇ ಹಾಗಾಯಿತು ಎಂದು ಲೇವಿಯರಿಗೆ ಹೇಳುತ್ತಾನೆ. ಆಮೇಲೆ ಅವರು ಹೆಗಲ ಮೇಲೆ ಕೋಲಿಟ್ಟು ಹೊರುತ್ತಾರೆ.

ಒಂದು ಮಾತ್ರ ಇನ್ನೂ ನನಗೆ ಜೀರ್ಣವಾಗಿಲ್ಲ. ಬಂಡಿಯ ಉಪಾಯ ಮೊದಲು ಮಾಡಿದವರು ಇಸ್ರೇಲರ ಶತ್ರುಗಳಾದ ಫಿಲಿಷ್ಟಿಯರು. ಮಂಜೂಷವನ್ನು ಗೆದ್ದು ತಂದು, ರೋಗ ಬಂದು ಕಂಗಾಲಾಗಿ, ಎರಡು ಹಾಲು ಕರೆಯುವ ಹಸು ಕಟ್ಟಿದ ಹೊಸ ಬಂಡಿಯಲ್ಲಿ ಅದನ್ನು ವಾಪಸ್ ಕಳಿಸಿದರು. ಆ ದಾರಿಯಲ್ಲಿ ಏನೂ ಆಗಲಿಲ್ಲ. ಕಟ್ಟಳೆ ಗೊತ್ತಿಲ್ಲದವರಿಗೆ ಬಂಡಿ ನಡೆಯಿತು, ಗೊತ್ತಿದ್ದವರಿಗೆ ನಡೆಯಲಿಲ್ಲ. ನನಗೆ ತೋಚಿದ ಅರ್ಥ ಇಷ್ಟೇ.

‘ಇಂದಿನವರೆಗೂ’: ಯಾವ ಇಂದು?

ನಾನು ನಿಜವಾಗಿ ಬಿದ್ದ ಗುಂಡಿ ಇದು. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ದಾವೀದನ ಮಗ ಸೊಲೊಮೋನ ದೇವಾಲಯ ಕಟ್ಟಿ ಮಂಜೂಷವನ್ನು ಅದರ ಒಳಕೋಣೆಯಾದ ಮಹಾಪರಿಶುದ್ಧ ಸ್ಥಳದಲ್ಲಿ ಇಡಿಸುತ್ತಾನೆ. 20 ಮೊಳದ ಚೌಕ ಕೋಣೆ ಅದು. ಒಂದನೇ ಅರಸುಗಳು 8ನೇ ಅಧ್ಯಾಯ, 8ನೇ ವಚನ ಮೂರು ವಿಷಯ ಹೇಳುತ್ತದೆ. ಕೋಲುಗಳು ಎಷ್ಟು ಉದ್ದವಾಗಿದ್ದವೆಂದರೆ ಅವುಗಳ ತುದಿ ಒಳಕೋಣೆಯ ಮುಂದಿನ ಪರಿಶುದ್ಧ ಸ್ಥಳದಿಂದ ಕಾಣುತ್ತಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ. ಅವು ಇಂದಿನವರೆಗೂ ಅಲ್ಲೇ ಇವೆ.

ಕಾಣುತ್ತಿತ್ತು, ಕಾಣುತ್ತಿರಲಿಲ್ಲ ಎಂಬ ಗೊಂದಲವನ್ನು ತಾಲ್ಮುಡ್‌ನ (ಯೆಹೂದಿ ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹ ಅದು) ಪಂಡಿತರು ಚೆನ್ನಾಗಿ ಬಿಡಿಸಿದ್ದಾರೆ. ಕೋಲಿನ ತುದಿ ಒಳಗಿನಿಂದ ಪರದೆಯನ್ನು ಒತ್ತುತ್ತಿತ್ತು, ಹೊರಗೆ ಉಬ್ಬು ಮಾತ್ರ ಕಾಣುತ್ತಿತ್ತು ಅಂತ. ಅಲ್ಲಿಗೆ ಅದು ಮುಗಿಯಿತು.

ಆದರೆ ‘ಇಂದಿನವರೆಗೂ ಅಲ್ಲೇ ಇವೆ’? ಮೊದಲ ಓದಿಗೆ ನನಗೆ ರೋಮಾಂಚನ ಆಯಿತು. ಅರಸುಗಳ ಪುಸ್ತಕ ಮುಗಿಯುವುದು ದೇವಾಲಯ ಸುಟ್ಟುಹೋದ ಮೇಲೆ. ಬಾಬೆಲಿನವರು, ಅಂದರೆ ಬ್ಯಾಬಿಲೋನಿನವರು, ಯೆರೂಸಲೇಮನ್ನು ಹಾಳುಮಾಡಿದ್ದು ಕ್ರಿ.ಪೂ. 586ರ ಹೊತ್ತಿಗೆ. ಪುಸ್ತಕದ ಕೊನೆಯ ಪುಟದಲ್ಲಿ ಸೆರೆಯಾದ ಅರಸ ಯೆಹೋಯಾಖೀನನಿಗೆ 37ನೇ ವರ್ಷದಲ್ಲಿ ಬಿಡುಗಡೆ ಆಗುತ್ತದೆ, ಅಂದರೆ ಕ್ರಿ.ಪೂ. 560ರ ಸುಮಾರು. ಅಷ್ಟು ಹೊತ್ತಿಗೆ ದೇವಾಲಯವೇ ಇಲ್ಲ. ಆದರೂ ಬರೆದವನು ‘ಇಂದಿಗೂ ಅಲ್ಲೇ ಇವೆ’ ಅನ್ನುತ್ತಾನೆ. ಹಾಗಾದರೆ ಅವನಿಗೆ ಮಂಜೂಷ ಎಲ್ಲಿದೆ ಅಂತ ಗೊತ್ತಿತ್ತು! ಎರಡು ದಿನ ಈ ಗುಂಗಿನಲ್ಲೇ ಇದ್ದೆ.

ಆಮೇಲೆ ಎರಡನೇ ಪೂರ್ವಕಾಲವೃತ್ತಾಂತ 5ನೇ ಅಧ್ಯಾಯದ 9ನೇ ವಚನ ನೋಡಿದೆ. ಅದೇ ವಾಕ್ಯ, ಅದೇ ‘ಇಂದಿನವರೆಗೂ’. ಈ ಪುಸ್ತಕ ಇನ್ನೂ ಈಚಿನದು. ಅದು ಮುಗಿಯುವುದೇ ಪರ್ಷಿಯದ ಕೋರೆಷ, ನಾವು ಸೈರಸ್ ಅಂತ ಓದಿದ ಅರಸ, ಯೆಹೂದ್ಯರಿಗೆ ಊರಿಗೆ ಹೋಗಿ ಅಂದ ಆಜ್ಞೆಯೊಂದಿಗೆ. ಆ ಕಾಲದಲ್ಲಿ ಕೂತು ಬರೆದವನಿಗೆ ಕೋಲಿನ ತುದಿ ಕಾಣುತ್ತಿತ್ತೇ? ಇಲ್ಲ. ಅವನು ಹಳೆಯದನ್ನು ಇದ್ದ ಹಾಗೆ ನಕಲು ಮಾಡಿದ್ದಾನೆ.

ಇದು ನನ್ನ ತಲೆಗೆ ಇಳಿದದ್ದು ನಮ್ಮ ಮನೆಯ ಕ್ರಯಪತ್ರದಿಂದ. ಅದರ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಹುಣಸೆಮರ’ ಅಂತ ಇದೆ. ಆ ಮರವನ್ನು ನಮ್ಮ ತಂದೆಯೂ ಕಂಡಿಲ್ಲ. ಹಿಂದಿನ ಪತ್ರದಲ್ಲಿ ಇತ್ತು, ಬರೆಯುವವನು ಈ ಪತ್ರಕ್ಕೂ ಇಳಿಸಿದ. ಮರ ಕಡಿದು ಎಷ್ಟೋ ವರ್ಷ ಆದರೂ ಕಾಗದದ ಮೇಲೆ ಅದು ಪೂರ್ವಕ್ಕೆ ನಿಂತೇ ಇದೆ. ‘ಇಂದಿನವರೆಗೂ’ ಅನ್ನುವುದೂ ಹೀಗೇ. ಪುಸ್ತಕವನ್ನು ಕೊನೆಗೆ ಜೋಡಿಸಿದವನ ಇಂದು ಅಲ್ಲ ಅದು, ಅವನ ಕೈಗೆ ಸಿಕ್ಕ ಹಳೆಯ ಬರಹದ ಇಂದು. ಆ ಹಳೆಯ ಬರಹ ದೇವಾಲಯ ನಿಂತಿದ್ದ ಕಾಲದ್ದು.

ಇದರಿಂದ ನಾನು ಒಂದು ಸುಲಭದ ಉಪಾಯ ಮಾಡಿಕೊಂಡಿದ್ದೇನೆ. ಈ ಗ್ರಂಥಗಳಲ್ಲಿ ‘ಇಂದಿನವರೆಗೂ’ ಬಂದಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಯಾರ ಇಂದು?’ ಅಂತ ಬರೆಯುತ್ತೇನೆ. ಯೆಹೋಶುವನ ಪುಸ್ತಕದಲ್ಲಂತೂ ಪುಟಪುಟಕ್ಕೂ ಬರೆಯುವ ಕೆಲಸ. ಮಾಡಿ ನೋಡಿ, ಪುಸ್ತಕ ಪದರ ಪದರವಾಗಿ ಕಾಣತೊಡಗುತ್ತದೆ.

ತಾಲ್ಮುಡ್‌ನವರು ಮಾತ್ರ ನನ್ನ ಹಾಗೆ ಓದುವುದಿಲ್ಲ. ಅವರಿಗೆ ಗ್ರಂಥದಲ್ಲಿ ಇಂದು ಅಂದರೆ ಇಂದೇ. ರಬ್ಬಿ ಯೆಹೂದಾ ಬೆನ್ ಲಾಕಿಷ್ ಇದೇ ವಚನ ಹಿಡಿದು ಹೇಳುತ್ತಾರೆ: ಕೋಲುಗಳು ಇಂದಿಗೂ ಅಲ್ಲೇ ಇದ್ದರೆ ಮಂಜೂಷವೂ ಅಲ್ಲೇ, ಇದ್ದ ಜಾಗದಲ್ಲೇ, ನೆಲದೊಳಗೆ ಅಡಗಿದೆ. ಕೋಲು ತೆಗೆಯಕೂಡದು ಎಂಬ ಕಟ್ಟಳೆ ಸೇರಿಸಿಕೊಂಡು ನೋಡಿ, ವಾದ ಇನ್ನೂ ಗಟ್ಟಿಯಾಗುತ್ತದೆ ಅಲ್ವಾ? ಕೋಲು ಇದ್ದ ಕಡೆ ಪೆಟ್ಟಿಗೆ ಇರಲೇಬೇಕು. ನಾನು ಒಪ್ಪುವುದಿಲ್ಲ, ಆದರೆ ಮೆಚ್ಚುತ್ತೇನೆ.

ಉಳಿದವರು ಏನನ್ನುತ್ತಾರೆ

ಬೇಗ ಹೇಳಿಬಿಡುತ್ತೇನೆ. ಬಾಬೆಲಿಗೆ ಹೋಯಿತು ಎನ್ನುವವರಲ್ಲಿ ರಬ್ಬಿ ಶಿಮೋನ್ ಬಾರ್ ಯೋಖಾಯ್ ಒಬ್ಬರು. ಅವರ ಆಧಾರ ಯೆಶಾಯನ 39ನೇ ಅಧ್ಯಾಯ: ಎಲ್ಲವೂ ಬಾಬೆಲಿಗೆ ಹೋಗುತ್ತದೆ, ಏನೂ ಉಳಿಯುವುದಿಲ್ಲ. ಈ ‘ಏನೂ’ ಜಾಗದಲ್ಲಿ ಹೀಬ್ರೂವಿನಲ್ಲಿ ಇರುವುದು ‘ದಾವಾರ್’. ವಸ್ತು ಎಂದೂ ಅರ್ಥ, ಮಾತು ಎಂದೂ ಅರ್ಥ. ಮಾತು ಉಳಿಯುವುದಿಲ್ಲ ಅಂದರೆ ಹತ್ತು ಮಾತು, ಅಂದರೆ ಹಲಗೆಗಳು! ಆದರೆ ಎರಡನೇ ಅರಸುಗಳು 25ರಲ್ಲಿ ಬಾಬೆಲಿನವರು ಹೊತ್ತುಕೊಂಡು ಹೋದ ಸಾಮಾನಿನ ಪಟ್ಟಿ ಇದೆ. ತಾಮ್ರದ ಕಂಬದಿಂದ ಸಲಿಕೆಯವರೆಗೆ ಲೆಕ್ಕ. ಸಲಿಕೆ ಬರೆದವನು ಮಂಜೂಷ ಬರೆಯುವುದನ್ನು ಮರೆಯುತ್ತಾನಾ? ವಾಪಸ್ ಬಂದ ಸಾಮಾನಿನ ಪಟ್ಟಿ ಎಜ್ರನ ಮೊದಲ ಅಧ್ಯಾಯದಲ್ಲಿದೆ, ಅಲ್ಲೂ ಇಲ್ಲ.

ಅರಸ ಯೋಷೀಯನೇ ಮುಂಚಿತವಾಗಿ ಅಡಗಿಸಿಟ್ಟ ಎಂಬ ಮಾತೂ ತಾಲ್ಮುಡ್‌ನಲ್ಲಿದೆ. ಪ್ರವಾದಿ ಯೆರೆಮೀಯ ಅದನ್ನು ಬೆಟ್ಟದ ಗುಹೆಯಲ್ಲಿಟ್ಟು ಬಾಯಿ ಮುಚ್ಚಿದ ಎಂದು ಎರಡನೇ ಮಕ್ಕಬಿಯರ ಪುಸ್ತಕ ಹೇಳುತ್ತದೆ. ಇಥಿಯೋಪಿಯಾದ ಕ್ರೈಸ್ತರು ಆಕ್ಸುಮ್‌ನ ತಮ್ಮ ಚರ್ಚಿನಲ್ಲಿದೆ ಎನ್ನುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಾಲ್ಮುಡ್‌ಗೆ ಮೂಲವಾದ ಮಿಶ್ನಾ ಎಂಬ ಕಟ್ಟಳೆ ಸಂಗ್ರಹದ ಶೆಕಾಲಿಮ್ ಭಾಗದ ಕಥೆ. ಬಾಬೆಲಿನಿಂದ ವಾಪಸ್ ಬಂದವರು ಕಟ್ಟಿದ ಎರಡನೇ ದೇವಾಲಯದಲ್ಲಿ ಒಬ್ಬ ಯಾಜಕ ಏನೋ ಕೆಲಸದಲ್ಲಿದ್ದಾಗ ನೆಲದ ಒಂದು ಕಲ್ಲು ಬೇರೆ ಥರ ಇರುವುದನ್ನು ಕಂಡ. ಜೊತೆಯವನಿಗೆ ಹೇಳಲು ಹೋದ. ಮಾತು ಮುಗಿಯುವ ಮುಂಚೆ ಪ್ರಾಣ ಹೋಯಿತು. ಆಗ ಎಲ್ಲರಿಗೂ ಖಾತ್ರಿಯಾಯಿತಂತೆ, ಮಂಜೂಷ ಅಲ್ಲೇ ಇದೆ ಅಂತ. ಆ ಜಾಗ ಯಾವುದು? ಸೌದೆ ಕೊಟ್ಟಿಗೆಯ ಕಡೆ! ಕೆಲವು ಮನೆತನದವರು ಆ ದಿಕ್ಕಿಗೂ ಒಂದು ನಮಸ್ಕಾರ ಜಾಸ್ತಿ ಮಾಡುತ್ತಿದ್ದರು.

ಪೆಟ್ಟಿಗೆ ಇಲ್ಲ, ಕಟ್ಟಳೆ ಇದೆ

ಯಾಜಕಕಾಂಡ 16ರ ಪ್ರಕಾರ ಯೋಮ್ ಕಿಪ್ಪೂರ್, ಅಂದರೆ ಪ್ರಾಯಶ್ಚಿತ್ತದ ದಿನ, ಮಹಾಯಾಜಕ ಒಳಗೆ ಹೋಗಿ ಕೃಪಾಸನದ ಮುಂದೆ ಧೂಪ ಹಾಕಬೇಕು, ರಕ್ತ ಚಿಮುಕಿಸಬೇಕು. ಎರಡನೇ ದೇವಾಲಯದಲ್ಲಿ ಕೃಪಾಸನ ಎಲ್ಲಿದೆ? ಮಿಶ್ನಾ ಹೇಳುವಂತೆ ಅಲ್ಲಿ ನೆಲದಿಂದ ಮೂರು ಬೆರಳೆತ್ತರದ ಒಂದು ಕಲ್ಲು ಇತ್ತು, ಹೆಸರು ‘ಶೆತಿಯಾ’. ಮಹಾಯಾಜಕ ಕೆಂಡದ ಪಾತ್ರೆಯನ್ನು ಅದರ ಮೇಲಿಟ್ಟು ವಿಧಿ ಮುಗಿಸುತ್ತಿದ್ದ. ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಒಳಕೋಣೆಗೇ ನುಗ್ಗಿದ. ಅಲ್ಲಿ ದೇವರ ಮೂರ್ತಿಯೇ ಇಲ್ಲ, ಕೋಣೆ ಖಾಲಿ ಎಂಬ ಸುದ್ದಿ ಆಮೇಲೆ ಹರಡಿತು ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ.

ಕೋಲಿನ ಕಟ್ಟಳೆಯ ಕಥೆ ಇನ್ನೂ ಮಜವಾಗಿದೆ. ಯೆಹೂದ್ಯರ ಲೆಕ್ಕದಲ್ಲಿ ಕಟ್ಟಳೆಗಳು 613. ಮಾಡಬೇಕಾದ್ದು 248, ಮಾಡಬಾರದ್ದು 365. 12ನೇ ಶತಮಾನದಲ್ಲಿ ಯೆಹೂದಿ ಪಂಡಿತ ಮೈಮೊನಿಡೀಸ್ ಅವನ್ನು ಒಂದೊಂದಾಗಿ ಎಣಿಸಿ ಬರೆದರು. ಮಾಡಬಾರದ್ದರ ಪಟ್ಟಿಯಲ್ಲಿ 86ನೆಯದು: ಮಂಜೂಷದ ಕೋಲು ತೆಗೆಯಬಾರದು. ಮಂಜೂಷ ಕಣ್ಮರೆಯಾಗಿ ಆಗಲೇ 1,700 ವರ್ಷ! ತೆಗೆದವನಿಗೆ ಛಡಿಯೇಟು ಎಂದು ತಾಲ್ಮುಡ್‌ನಲ್ಲೂ ಇದೆ. ಅದನ್ನು ಹೇಳಿದವರೂ ಕೋಲು ಕಂಡವರಲ್ಲ.

ಕೊನೆಗೆ ಬಿಡಿಸಿದ ಗಂಟು

ಇಷ್ಟೆಲ್ಲ ಆದ ಮೇಲೆ ಅರಣ್ಯಕಾಂಡ 4ನೇ ಅಧ್ಯಾಯದ 6ನೇ ವಚನ ಕಾಲಿಗೆ ತೊಡರಿತು. ಪಾಳೆಯ ಹೊರಡುವಾಗ ಯಾಜಕರು ಮಂಜೂಷಕ್ಕೆ ಹೊದಿಕೆ ಹಾಕಿ ‘ಕೋಲುಗಳನ್ನು ಸಿಕ್ಕಿಸಬೇಕು’ ಅಂತ ಇದೆ. ತೆಗೆಯಲೇ ಕೂಡದ ಕೋಲನ್ನು ಸಿಕ್ಕಿಸುವುದು ಹೇಗೆ?

ತಾಲ್ಮುಡ್‌ನ ಉತ್ತರ ಎರಡೇ ಮಾತಿನದು: ಸಡಿಲವಾಗುತ್ತವೆ, ಕಳಚಿಬರುವುದಿಲ್ಲ. ನನಗೆ ಇದು ತಲೆಬುಡ ತಿಳಿಯಲಿಲ್ಲ. ವಿವರಣೆ ಬರೆದವರು ಹೇಳುವುದು, ಕೋಲಿನ ತುದಿ ದಪ್ಪ, ನಡು ಸಣ್ಣ. ಬಳೆಯೊಳಗೆ ಒಮ್ಮೆ ಬಲವಾಗಿ ತೂರಿಸಿದರೆ ನಡುವಿನಲ್ಲಿ ಹಿಂದೆ ಮುಂದೆ ಸರಿದಾಡುತ್ತದೆ, ತುದಿಯಲ್ಲಿ ತಡೆಯುತ್ತದೆ. ಒನಕೆಯನ್ನು ನೆನೆಸಿಕೊಂಡೆ, ತಕ್ಷಣ ಗೊತ್ತಾಯಿತು. ನಡು ಸವೆದ ಒನಕೆಗೆ ಬಳೆ ತೊಡಿಸಿದ ಹಾಗೆ. ‘ಸಿಕ್ಕಿಸುವುದು’ ಅಂದರೆ ಹೊರುವವರ ಹೆಗಲಿಗೆ ಸರಿಯಾಗುವಂತೆ ಸರಿಸಿ ಇಡುವುದು, ಅಷ್ಟೆ. ನಾನು ನೋಟ್‌ಬುಕ್ಕಿನಲ್ಲಿ ಮೊದಲು ಬರೆದಿದ್ದ ಚಿತ್ರದಲ್ಲಿ ಕೋಲು ನೆಟ್ಟಗೆ ಕೊಳವೆಯ ಹಾಗಿತ್ತು. ಅಳಿಸಿ ಒನಕೆ ಬರೆದಿದ್ದೇನೆ.