ಇಸಿಎಂ ಹೋಗಿದೆ ಎಂದು ತೀರ್ಮಾನಿಸುವ ಮೊದಲು

ಮಳೆಗಾಲದಲ್ಲೊಮ್ಮೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪೆಟ್ರೋಲ್ ಕಾರು ಟೋಯಿಂಗ್ ಗಾಡಿಯ ಮೇಲೆ ನಮ್ಮ ಗ್ಯಾರೇಜಿಗೆ ಬಂತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಿತ್ತು, ಆದರೆ ಹಿಡಿಯುತ್ತಿರಲಿಲ್ಲ. ಕೀ ಆನ್ ಮಾಡಿದಾಗ ಉರಿಯಬೇಕಾದ ಚೆಕ್ ಎಂಜಿನ್ ದೀಪ ಉರಿಯುತ್ತಿರಲಿಲ್ಲ. ದೋಷ ಓದುವ ಸ್ಕ್ಯಾನರ್ ಜೋಡಿಸಿದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಅಂದರೆ ನಾವೆಲ್ಲ ಇಸಿಎಂ ಎಂದು ಕರೆಯುವ ಎಂಜಿನ್‌ನ ಕಂಪ್ಯೂಟರ್ ಪೆಟ್ಟಿಗೆ, ಉತ್ತರಿಸುತ್ತಿರಲಿಲ್ಲ. ನಮ್ಮಲ್ಲಿಗೆ ಬರುವ ಮೊದಲು ನೋಡಿದ್ದವರು ಇಸಿಎಂ ಸುಟ್ಟಿದೆ ಎಂದು ಹೇಳಿ ಹೊಸದರ ದರಪಟ್ಟಿಯನ್ನೂ ಕೊಟ್ಟಿದ್ದರು. ಮುಂಗಡ ಕೊಡುವುದೊಂದೇ ಬಾಕಿ ಇತ್ತು. ಆ ಕಾರು ಕೊನೆಗೆ ತನ್ನ ಹಳೆಯ ಇಸಿಎಂನಲ್ಲೇ ಓಡಿಕೊಂಡು ಊರಿಗೆ ಹೋಯಿತು.

ಇಂಥ ತಪ್ಪು ತೀರ್ಮಾನ ಏಕೆ ಇಷ್ಟು ಸುಲಭವಾಗಿ ಆಗುತ್ತದೆ ಎಂಬುದು ಆ ಪೆಟ್ಟಿಗೆಯ ಒಳಗನ್ನು ತಿಳಿದರೆ ಅರ್ಥವಾಗುತ್ತದೆ. ಅದರೊಳಗೆ ಲೆಕ್ಕ ಮಾಡುವ ಪ್ರೊಸೆಸರ್, ಪ್ರೋಗ್ರಾಂ ಮತ್ತು ಕಾರಿನ ಗುರುತನ್ನು ಇಟ್ಟುಕೊಳ್ಳುವ ಮೆಮರಿ, ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟ್‌ಗೆ ಇಳಿಸಿ ಸೆನ್ಸರ್‌ಗಳಿಗೆ ಹಂಚುವ ರೆಗ್ಯುಲೇಟರ್, ಮತ್ತು ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ರಿಲೇಗಳನ್ನು ಚಾಲೂ ಮಾಡುವ ಡ್ರೈವರ್‌ಗಳು ಇರುತ್ತವೆ. ಇವಕ್ಕೆ ಹೊರಗಿನಿಂದ ಬರಬೇಕಾದ ಸಪ್ಲೈ, ಅರ್ಥ್, ಸಂವಹನದ ಎಳೆ ಇವುಗಳಲ್ಲಿ ಯಾವುದು ತಪ್ಪಿದರೂ ಹೊರಗೆ ಕಾಣುವ ಲಕ್ಷಣ ಒಂದೇ: ಇಸಿಎಂ ಸತ್ತಂತೆ ಮಲಗುತ್ತದೆ. ಸ್ಕ್ಯಾನರ್‌ಗೆ ಪೆಟ್ಟಿಗೆಯೇ ಕೆಟ್ಟಿರುವುದಕ್ಕೂ ಹೊರಗಿನ ದಾರಿ ತಪ್ಪಿರುವುದಕ್ಕೂ ಇರುವ ವ್ಯತ್ಯಾಸ ಗೊತ್ತಾಗುವುದಿಲ್ಲ, ಏಕೆಂದರೆ ಉತ್ತರ ಬಂದರೆ ಮಾತ್ರ ಅದು ಏನನ್ನಾದರೂ ತೋರಿಸಬಲ್ಲದು.

ಆದ್ದರಿಂದ ನಾನು ಬ್ಯಾಟರಿಯಿಂದಲೇ ಶುರು ಮಾಡುತ್ತೇನೆ. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಇಸಿಎಂ ನಡುವಿನಲ್ಲೇ ರೀಸೆಟ್ ಆಗಿ ಎಂಜಿನ್ ಹಿಡಿಯದೇ ಇರಬಹುದು. ಅನೇಕ ಕಾರುಗಳಲ್ಲಿ ಮೇನ್ ರಿಲೇಯನ್ನು ಎಳೆದುಕೊಳ್ಳುವುದೂ ಇಸಿಎಂ ಕೆಲಸವೇ: ಕೀ ಆನ್ ಆದ ಸೂಚನೆ ಬಂದೊಡನೆ ಅದು ರಿಲೇಯನ್ನು ಕೂರಿಸಿ, ಅದರ ಮೂಲಕ ತನಗೆ ಬೇಕಾದ ಮುಖ್ಯ ಸಪ್ಲೈ ತರಿಸಿಕೊಳ್ಳುತ್ತದೆ. ರಿಲೇಯ ಪಾಯಿಂಟ್ ಕಪ್ಪಾಗಿದ್ದರೆ ಅಥವಾ ಫ್ಯೂಸ್ ಕಾಲಿಗೆ ಹಸಿರು ಕಿಲುಬು ಹಿಡಿದಿದ್ದರೆ, ಕೆಲವೇ ರೂಪಾಯಿಗಳ ಸಾಮಾನು ದುಬಾರಿ ಘಟಕವನ್ನು ಕೆಟ್ಟಿದೆ ಎನ್ನುವಂತೆ ತೋರಿಸುತ್ತದೆ.

ಇಲ್ಲಿ ಮಲ್ಟಿಮೀಟರನ್ನು ಮಾತ್ರ ನಂಬುವುದು ಅಪಾಯ. ಮೀಟರ್ ಬಹಳ ಕಡಿಮೆ ಕರೆಂಟ್ ಎಳೆಯುವುದರಿಂದ, ಇಲಿ ಕಡಿದು ಒಂದೇ ಎಳೆ ತಾಮ್ರ ಉಳಿದಿರುವ ವೈರ್ ಕೂಡ ಅದರಲ್ಲಿ 12 ವೋಲ್ಟ್ ತೋರಿಸುತ್ತದೆ. ಇಸಿಎಂಗೆ ವೈರ್‌ಗಳನ್ನು ಜೋಡಿಸುವ ಕಪ್ಲರ್ ಕಳಚಿ, ಸಪ್ಲೈ ಮತ್ತು ಅರ್ಥ್ ವೈರ್‌ಗಳ ನಡುವೆ 21 ವ್ಯಾಟ್‌ನ ಬ್ರೇಕ್ ಲೈಟ್ ಬಲ್ಬ್ ಇಟ್ಟು ನೋಡಿದರೆ ಸತ್ಯ ಗೊತ್ತಾಗುತ್ತದೆ. ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುವಾಗಲೂ ಪೂರ್ತಿ ಬೆಳಗಿದರೆ ಆ ದಾರಿ ಗಟ್ಟಿಯಾಗಿದೆ ಎಂದರ್ಥ. ಸೆನ್ಸರ್‌ನ ಸಿಗ್ನಲ್ ವೈರ್‌ಗಳಿಗೆ ಮತ್ತು ಕಪ್ಲರ್ ಹಾಕಿದ ಇಸಿಎಂ ಪಿನ್‌ಗಳಿಗೆ ಮಾತ್ರ ಈ ಬಲ್ಬನ್ನು ಎಂದೂ ಮುಟ್ಟಿಸಬಾರದು. ಅರ್ಥ್ ಪರೀಕ್ಷೆಗೆ ಕಪ್ಲರ್ ಹಾಕಿಯೇ ಇಟ್ಟು, ಹಿಂಬದಿಯಿಂದ ಅರ್ಥ್ ಪಿನ್‌ಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವಿನ ವೋಲ್ಟೇಜನ್ನು ಸೆಲ್ಫ್ ಹೊಡೆಯುವಾಗ ಅಳೆಯುತ್ತೇನೆ. ಅದು 0.1 ವೋಲ್ಟ್ ದಾಟಿದರೆ ಮುಂದಕ್ಕೆ ಹೋಗುವ ಮೊದಲು ಬಾಡಿ ಅರ್ಥ್ ಬೋಲ್ಟ್‌ಗಳನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡುತ್ತೇನೆ.

ತೀರ್ಥಹಳ್ಳಿಯ ಕಾರು ಈ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು, ಅನುಮಾನ ನನಗೂ ಇಸಿಎಂ ಕಡೆಗೇ ವಾಲತೊಡಗಿತ್ತು. ಆದರೆ ಥ್ರಾಟಲ್ ಸೆನ್ಸರ್‌ಗೆ ಹೋಗುವ 5 ವೋಲ್ಟ್ ಸಪ್ಲೈ ಅಳೆದಾಗ ಅಲ್ಲಿ 0.3 ವೋಲ್ಟ್ ಮಾತ್ರ ಇತ್ತು. ಈ 5 ವೋಲ್ಟನ್ನು ಹಲವು ಸೆನ್ಸರ್‌ಗಳು ಹಂಚಿಕೊಳ್ಳುತ್ತವೆ. ಒಂದರ ಕಡೆ ಅದು ಅರ್ಥ್‌ಗೆ ತಾಗಿದರೂ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಕುರುಡಾಗುತ್ತವೆ, ಕೆಲವು ಮಾದರಿಗಳಲ್ಲಿ ಇಸಿಎಂ ಸ್ಕ್ಯಾನರ್ ಜೊತೆ ಮಾತನ್ನೂ ನಿಲ್ಲಿಸುತ್ತದೆ. ಮೀಟರ್ ಹಾಗೇ ಇಟ್ಟು ಒಂದೊಂದೇ ಸೆನ್ಸರ್‌ನ ಕಪ್ಲರ್ ಕಳಚುತ್ತ ಹೋದೆವು. ಏಸಿ ಗ್ಯಾಸ್ ಪ್ರೆಷರ್ ಸೆನ್ಸರ್ ಕಳಚಿದರೂ ಏನೂ ಬದಲಾಗಲಿಲ್ಲ, ಆದರೆ ಅದರ ವೈರನ್ನು ಕೈಯಲ್ಲಿ ಅಲುಗಿಸಿದಾಗ ಮೀಟರ್ 5 ವೋಲ್ಟ್‌ಗೆ ಜಿಗಿದು ಮತ್ತೆ ಬಿತ್ತು. ರೇಡಿಯೇಟರ್ ಪಕ್ಕದಲ್ಲಿ ಇಲಿ ಸಿಪ್ಪೆ ಸುಲಿದಿದ್ದ ಆ ವೈರ್ ಬ್ರ್ಯಾಕೆಟ್ಟಿಗೆ ತಾಗಿ ನಿಂತಿತ್ತು. "ಇಷ್ಟು ಸಣ್ಣ ವೈರಿಗೆ ಇಡೀ ಗಾಡಿ ನಿಲ್ತದಾ ಸಾರ್?" ಎಂದು ಮಾಲೀಕರು ಎರಡು ಸಲ ಕೇಳಿದರು. ತೋಟದ ಮನೆಗಳಲ್ಲಿ ಮಳೆ ಹಿಡಿದಾಗ ಬೆಚ್ಚಗಿನ ಎಂಜಿನ್ ಕೋಣೆಗೆ ಇಲಿ ಸೇರುವುದು ಎಲ್ಲರಿಗೂ ಗೊತ್ತು; ಅದು ಕಡಿದ ಜಾಗ ಮತ್ತು ತೊಂದರೆ ಕಾಣುವ ಜಾಗ ದೂರ ದೂರ ಇರಬಹುದು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಸಂವಹನದ ಎಳೆಗಳ ಪರೀಕ್ಷೆಯೂ ಕಷ್ಟದ್ದಲ್ಲ. ಬ್ಯಾಟರಿ ಕಳಚಿ, ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಜೋಡಿಸುವ 16 ಪಿನ್‌ಗಳ ಓಬಿಡಿ ಸಾಕೆಟ್‌ನಲ್ಲಿ 6 ಮತ್ತು 14ನೇ ಪಿನ್‌ಗಳ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಸಿಗಬೇಕು, ಏಕೆಂದರೆ ಕ್ಯಾನ್ ಎಂಬ ಆ ಜೋಡಿ ಎಳೆಯ ಎರಡೂ ತುದಿಗಳಲ್ಲಿ ತಲಾ 120 ಓಮ್‌ನ ರೆಸಿಸ್ಟರ್ ಇರುತ್ತದೆ. ನಡುವೆ ಗೇಟ್‌ವೇ, ಅಂದರೆ ಸಂದೇಶಗಳನ್ನು ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ಘಟಕ, ಇರುವ ಕಾರುಗಳಲ್ಲಿ ಈ ಲೆಕ್ಕ ಬೇರೆಯಾಗಬಹುದು. 120 ಓಮ್ ಬಂದರೆ ಒಂದು ತುದಿ ಕೈಬಿಟ್ಟಿದೆ. ಅನೇಕ ಕಾರುಗಳಲ್ಲಿ ಒಂದು ತುದಿಯ ರೆಸಿಸ್ಟರ್ ಇಸಿಎಂ ಒಳಗೇ ಇರುವುದರಿಂದ, ತಪ್ಪು ವೈರ್‌ನಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ ಎಂದು ಇಸಿಎಂ ಕಪ್ಲರ್‌ನಲ್ಲೇ ಮತ್ತೆ ಅಳೆದು ತಿಳಿಯಬೇಕು.

ಇಸಿಎಂ ತಾನಾಗಿ ತನ್ನ ದೋಷವನ್ನು ಹೇಳಿಕೊಳ್ಳುವುದೂ ಉಂಟು. ಸ್ಕ್ಯಾನರ್‌ನಲ್ಲಿ ಕಾಣುವ ದೋಷದ ಕೋಡ್‌ಗಳಲ್ಲಿ ಪಿ0601 ಎಂದರೆ ಮೆಮರಿಯ ಲೆಕ್ಕ ತಾಳೆಯಾಗುತ್ತಿಲ್ಲ, ಪಿ0606 ಎಂದರೆ ಪ್ರೊಸೆಸರ್‌ನ ದೋಷ. ಆದರೂ ಬ್ಯಾಟರಿ ದುರ್ಬಲವಾದ ದಿನ ಅಥವಾ ಜಂಪ್ ಸ್ಟಾರ್ಟ್ ಮಾಡಿದ ನಂತರ ಇಂಥ ಕೋಡ್‌ಗಳು ಒಮ್ಮೆ ದಾಖಲಾಗಿ ಉಳಿದುಬಿಡುವುದನ್ನು ನಾನು ಕಂಡಿದ್ದೇನೆ. ಕೋಡ್ ಬರೆದಿಟ್ಟುಕೊಂಡು, ಅಳಿಸಿ, ಸಪ್ಲೈ ಮತ್ತು ಅರ್ಥ್ ಖಚಿತಪಡಿಸಿಕೊಂಡ ಮೇಲೂ ಅದೇ ಕೋಡ್ ಮರಳಿದರೆ ಆಗ ಪೆಟ್ಟಿಗೆಯನ್ನು ಅನುಮಾನಿಸುವುದಕ್ಕೆ ಆಧಾರ ಸಿಗುತ್ತದೆ.

ನಿಜವಾಗಿಯೂ ಕೆಟ್ಟ ಇಸಿಎಂಗಳಲ್ಲಿ ನಾನು ಹೆಚ್ಚು ಕಂಡಿರುವುದು ನೀರು ಹೊಕ್ಕವು ಮತ್ತು ಡ್ರೈವರ್ ಸುಟ್ಟವು. ಡ್ರೈವರ್ ಸುಟ್ಟಿದ್ದರೆ ಅದನ್ನು ಸುಟ್ಟಿದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಹೊಸದನ್ನು ಕೂರಿಸಬಾರದು. ಕಾಯಿಲ್‌ನ ಪ್ರೈಮರಿಯನ್ನು, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ಸುತ್ತನ್ನು, ಇಸಿಎಂ ನೇರವಾಗಿ ನಡೆಸುವ ಒಂದು ಹಳೆಯ ಕಾರಿನಲ್ಲಿ ಎರಡು ಸಿಲಿಂಡರ್‌ಗಳಿಗೆ ಕಿಡಿ ಇರಲಿಲ್ಲ. ವೈರ್ ಸರಿಯಿತ್ತು, ಇಸಿಎಂ ಪಿನ್‌ನಲ್ಲಿ ಸಿಗ್ನಲ್ ಇರಲಿಲ್ಲ, ಹೀಗಾಗಿ ಡ್ರೈವರ್ ಹೋಗಿದೆ ಎಂಬುದು ಖಚಿತವಾಗಿತ್ತು. ತಣ್ಣಗಿದ್ದಾಗ ಕಾಯಿಲ್‌ನ ಓಮ್ ಕೂಡ ಸರಿಯೇ ಇತ್ತು. ಎಂಜಿನ್‌ನ ಬಿಸಿಯಷ್ಟು ಕಾಯಿಸಿ ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ಅದರ ಕರೆಂಟ್ ನೋಡಿದಾಗ, ಓರೆಯಾಗಿ ಏರಬೇಕಾದ ಗೆರೆ ಗೋಡೆಯಂತೆ ನೆಟ್ಟಗೆ ಎದ್ದಿತು. ಕಾಯಿಲ್ ಒಳಗೇ ಶಾರ್ಟ್ ಆಗಿತ್ತು. ಅದನ್ನು ಹಾಗೇ ಬಿಟ್ಟು ಇಸಿಎಂ ಬದಲಿಸಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತಿತ್ತು.

ಬದಲಿಸುವ ಕೆಲಸದಲ್ಲಿ ಬಿಚ್ಚಿ ಕೂರಿಸುವುದು ಅತಿ ಸಣ್ಣ ಭಾಗ. ಹೊರಗಿನ ಪೆಟ್ಟಿಗೆ ಒಂದೇ ಥರ ಕಂಡರೂ ಲೇಬಲ್ ಮೇಲಿನ ಹಾರ್ಡ್‌ವೇರ್ ಸಂಖ್ಯೆ ಹಳೆಯದಕ್ಕೆ ಹೊಂದಬೇಕು, ಒಳಗಿನ ಸಾಫ್ಟ್‌ವೇರ್ ಆ ಕಾರಿಗೆ ತಕ್ಕದ್ದಾಗಿರಬೇಕು. ಇಮ್ಮೊಬಿಲೈಸರ್ ಇರುವ ಕಾರಿನಲ್ಲಿ ಕೀಲಿಯೊಳಗಿನ ಚಿಪ್‌ನ ಗುರುತು ಇಸಿಎಂಗೆ ಪರಿಚಯವಾಗದಿದ್ದರೆ ಎಂಜಿನ್ ಹಿಡಿಯುವುದೇ ಇಲ್ಲ, ಅಥವಾ ಹಿಡಿದು ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಇದನ್ನು ಕಂಡು ಹೊಸದೂ ಕೆಟ್ಟಿದೆ ಎಂದು ಹಿಂದಿರುಗಿಸಿದವರಿದ್ದಾರೆ. ಕಾಮನ್ ರೈಲ್ ಡೀಸೆಲ್ ಕಾರಾದರೆ ಅನೇಕ ಮಾದರಿಗಳಲ್ಲಿ ಪ್ರತಿ ಇಂಜೆಕ್ಟರ್ ಮೇಲೆ ಕೊರೆದ ಕೋಡನ್ನು ಅದರದರ ಸಿಲಿಂಡರ್‌ಗೆ ಸರಿಯಾಗಿ ತುಂಬಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಎಷ್ಟು ತುಂಬಿದೆ ಎಂಬ ಲೆಕ್ಕವೂ ಹೊಸ ಇಸಿಎಂಗೆ ದಾಟಬೇಕು; ಇಲ್ಲವಾದರೆ ಅದು ತುಂಬಿದ ಫಿಲ್ಟರನ್ನು ಖಾಲಿ ಎಂದು ತಿಳಿಯುತ್ತದೆ.

ಡ್ರೈವರ್ ಮಾತ್ರ ಸುಟ್ಟು ಮೆಮರಿ ಚೆನ್ನಾಗಿದ್ದರೆ ಅದರ ಮಾಹಿತಿಯನ್ನು ಓದಿಕೊಂಡು ಅದೇ ಸಂಖ್ಯೆಯ ಇನ್ನೊಂದು ಇಸಿಎಂಗೆ ನಕಲು ಮಾಡುವುದು ಸಾಧ್ಯ, ಮೇಲಿನ ಹಳೆಯ ಕಾರಿಗೆ ನಾವು ಮಾಡಿದ್ದೂ ಅದನ್ನೇ. ಸೆಕೆಂಡ್ ಹ್ಯಾಂಡ್ ಘಟಕವಾದರೆ ಅದು ಯಾವ ಕಾರಿನದು ಎಂಬುದಕ್ಕೆ ಬಿಲ್ ಇಲ್ಲದೆ ನಾನು ಕೊಳ್ಳುವುದಿಲ್ಲ. ಕದ್ದ ಕಾರಿನ ಬಿಡಿಭಾಗ ನಮ್ಮ ಮೇಜಿನ ಮೇಲೆ ಬರುವುದು ಬೇಡ.

ಕಪ್ಲರ್ ತೆಗೆಯುವ ಮೊದಲು ಬ್ಯಾಟರಿ ಕಳಚಿ, ಕೈಯನ್ನು ಬಾಡಿಯ ಲೋಹಕ್ಕೆ ಮುಟ್ಟಿಸಿ ಮೈಮೇಲಿನ ಸ್ಥಿರ ವಿದ್ಯುತ್ ಇಳಿಸಬೇಕು, ಪಿನ್‌ಗಳನ್ನು ಬೆರಳಿನಿಂದ ಮುಟ್ಟಬಾರದು. ಪ್ರೋಗ್ರಾಂ ತುಂಬುವಾಗ ಸುಮಾರು 13.5 ವೋಲ್ಟ್‌ನ ಏರಿಳಿತವಿಲ್ಲದ ಪವರ್ ಸಪ್ಲೈ ಜೋಡಿಸುತ್ತೇನೆ. ಸಾಮಾನ್ಯ ಬ್ಯಾಟರಿ ಚಾರ್ಜರ್ ಇದಕ್ಕೆ ಆಗುವುದಿಲ್ಲ, ನಡುವೆ ವೋಲ್ಟೇಜ್ ಕುಸಿದರೆ ಹೊಸ ಇಸಿಎಂ ಅರ್ಧ ಬರೆದ ಮೆಮರಿಯೊಂದಿಗೆ ಅಲ್ಲೇ ನಿಲ್ಲಬಹುದು. ಹಳೆಯದಕ್ಕೆ ನೀರು ಹೊಕ್ಕಿದ್ದರೆ ಆ ನೀರಿನ ದಾರಿಯನ್ನೂ ಮುಚ್ಚಬೇಕು. ವೈಪರ್ ಕೆಳಗಿನ ತಟ್ಟೆಯ ತೂತುಗಳಲ್ಲಿ ಎಲೆ ಕಟ್ಟಿಕೊಂಡು ನೀರು ಒಳಗಿಳಿಯುವುದು ಮಲೆನಾಡು, ಕರಾವಳಿಯ ಕಾರುಗಳಲ್ಲಿ ಪದೇ ಪದೇ ಕಾಣುತ್ತದೆ.

ಜೋಡಣೆಯ ನಂತರ ಥ್ರಾಟಲ್‌ನ ಹೊಂದಾಣಿಕೆ ಕಲಿಸಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಐಡಲ್‌ನಲ್ಲಿ ಬಿಟ್ಟು, ಮೇಲಿನ ಅಳತೆಗಳನ್ನೆಲ್ಲ ಮತ್ತೊಮ್ಮೆ ತೆಗೆಯುತ್ತೇನೆ. ಚಾರ್ಜಿಂಗ್ 13.5ರಿಂದ 14.5 ವೋಲ್ಟ್ ನಡುವೆ ಇದೆಯೇ ಎಂದು ನೋಡಿ, ಒಂದು ಸುತ್ತು ಓಡಿಸಿ, ಕೋಡ್ ಮರಳಿಲ್ಲ ಎಂದು ಖಚಿತವಾದ ಮೇಲೆ ಆ ಅಳತೆಗಳನ್ನು ಜಾಬ್ ಕಾರ್ಡ್‌ನಲ್ಲಿ ಬರೆದು, ಬಿಚ್ಚಿದ ಹಳೆಯ ಇಸಿಎಂ ಜೊತೆಗೆ ಮಾಲೀಕರ ಕೈಗೆ ಕೊಡುತ್ತೇನೆ.